ಮೂಲೆಯಿಂದ ಮೂಲೆಗೆ ಎಳೆದ ದಾರ

ನಾನು ಬರೆಯುವ ಸೊನ್ನೆಗೆ ಬಾಲ ಇದೆ. ಎಲ್ಲರೂ ಮೇಲಿನಿಂದ ಶುರು ಮಾಡಿ, ಒಂದು ಸುತ್ತು ಬಂದು, ಮೇಲೆಯೇ ಮುಗಿಸುತ್ತಾರೆ. ನಾನು ಕೆಳಗಿನಿಂದ ಶುರು ಮಾಡುತ್ತೇನೆ. ಸುತ್ತು ಮುಗಿದ ಮೇಲೂ ಕೈ ನಿಲ್ಲುವುದಿಲ್ಲ, ಬಲಗಡೆಗೆ ಒಂದು ಗೀಟು ಜಾರಿಹೋಗುತ್ತದೆ. ಚಿಕ್ಕಂದಿನಲ್ಲಿ ಗೆಣ್ಣಿನ ಮೇಲೆ ಏಟು ತಿಂದರೂ ಬಿಡದ ಚಾಳಿ ಇದು. ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಲು ಹತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಪ್ರತಿ ಬ್ಯಾಚಿನವರೂ, ಒಬ್ಬರನ್ನೊಬ್ಬರು ಕೇಳಿಕೊಂಡು ಇಟ್ಟವರ ಹಾಗೆ, ಅದಕ್ಕೆ ಗೊದಮೊಟ್ಟೆ ಅಂತಲೇ ಹೆಸರಿಟ್ಟಿದ್ದಾರೆ. ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತದೆ. ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ಈ ಒಂದು ವಿಷಯಕ್ಕೆ ಯಾವತ್ತೂ ಬಂದಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ.

ಅದೇ ಬಾಲದ ಸೊನ್ನೆಯಿಂದ ಒಬ್ಬ ಹುಡುಗಿಯ ಒಂದು ವರ್ಷ ಹೋಯಿತು. ಅವಳು ಮೇಡಂ ಆಗಬೇಕಿತ್ತು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡಬೇಕು ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇದ್ದಂತೆ ಕಾಣಲಿಲ್ಲ. ಅದನ್ನು ನಾನು ಕೆಡಿಸಿದ್ದು ಹೇಗೆ, ಆಮೇಲೆ ಸರಿ ಮಾಡಲು ಹೋಗಿ ಏನೂ ಮಾಡಲಾರದೆ ನಿಂತದ್ದು ಹೇಗೆ ಅನ್ನುವುದನ್ನು ಬರೆಯದೇ ಇದ್ದರೆ ನನಗೆ ನೆಮ್ಮದಿ ಇಲ್ಲ. ಬರೆದರೂ ಇಲ್ಲ, ಅದು ಬೇರೆ ಮಾತು.

ಮೊದಲು ಸಿಕ್ಕಿದ್ದು ಅವಳ ಅಪ್ಪ. ಮರಳೂರಿನ ನಮ್ಮ ಮನೆಯ ಹಳೇ ನೆಲ ಬಿರುಕು ಬಿಟ್ಟು, ಕಾಲಿಟ್ಟ ಕಡೆ ಪುಡಿ ಏಳುತ್ತಿತ್ತು. ಟೈಲ್ಸ್ ಹಾಕಿಸಲು ಒಳ್ಳೆಯ ಕೆಲಸಗಾರ ಬೇಕು ಅಂತ ಹುಡುಕುತ್ತಿದ್ದಾಗ, ಸದಾಶಿವನಗರದ ಒಂದು ಮನೆಯಲ್ಲಿ ಕೆಲಸ ಮುಗಿಸಿದ್ದ ಇವರನ್ನು ಯಾರೋ ತೋರಿಸಿದರು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವರು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಮೊದಲನೇ ದಿನ ಒಂದೂ ಟೈಲ್ ಮುಟ್ಟಲಿಲ್ಲ. ನೀರು ತುಂಬಿದ ಪೈಪು ಹಿಡಿದು ನಡುಮನೆಯ ನಾಲ್ಕು ಮೂಲೆಗೂ ಮಟ್ಟ ಗುರುತು ಮಾಡಿ, ಮೊಳೆ ಹೊಡೆದು, ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಎಳೆದರು. ಉಳಿದೆರಡು ಮೂಲೆಗೂ ಹಾಗೆಯೇ ಇನ್ನೊಂದು. ನಡುಮನೆಯ ಮಧ್ಯದಲ್ಲಿ ಎರಡು ದಾರ ಒಂದನ್ನೊಂದು ದಾಟಿದವು. ಇವರು ಅಲ್ಲಿ ಮಂಡಿಯೂರಿ ಕೂತು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದರು.

ಸುಮ್ಮನಿರಲಾರದೆ ನಾನು ಉಪದೇಶಕ್ಕೆ ಇಳಿದೆ. "ಗೋಡೆ ಪಕ್ಕದಲ್ಲೇ ಉದ್ದಕ್ಕೊಂದು ಅಡ್ಡಕ್ಕೊಂದು ಎಳೆದರೆ ಸುಲಭ ಅಲ್ವಾ?"

"ಗೋಡೆ ನಂಬ್ಕಂಡ್ರೆ ಕೆಟ್ಟೋ ಸಾ," ಅಂದರು ತಲೆ ಎತ್ತದೆ. "ನಿಮ್ ಗೋಡೆ ಒಂದೂ ನೆಟ್ಟಗಿಲ್ಲ. ಮೂಲೆಯಿಂದ ಮೂಲೆಗೆ ಎಳೀಬೇಕು. ನಡುವೆ ಎರಡೂ ದಾರ ಬರೀ ಮುಟ್ಬೇಕು, ಒಂದನ್ನೊಂದು ಒತ್ಬಾರ್ದು. ಹಂಗೆ ಮುಟ್ಟಿದ್ರೆ ನಾಕು ಮೂಲೆನೂ ಒಂದೇ ನೆಲದಲ್ಲವೆ ಅಂತ ಲೆಕ್ಕ. ಆಮೇಲೆ ಕಣ್ಮುಚ್ಕಂಡು ಕೂರುಸ್ಬೋದು."

ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಎರಡು ದಾರ ಒಂದು ಕಡೆ ಕೂಡಿದರೆ ಅವು ಒಂದೇ ಸಮತಲದಲ್ಲಿವೆ ಅನ್ನುವುದನ್ನು ನಾನು ಕ್ಲಾಸಿನಲ್ಲಿ ಒಂದು ಗಂಟೆ ಗಂಟಲು ಹರಿದುಕೊಂಡು ಹೇಳುತ್ತೇನೆ. ಇವರು ಮೊಳೆ ಹೊಡೆದು ತೋರಿಸಿಬಿಟ್ಟಿದ್ದರು. ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ, "ನಮ್ ಹುಡ್ಗೀನೂ ಲೆಕ್ಕ ಅಂದ್ರೆ ಪ್ರಾಣ ಬುಡ್ತಾಳೆ ಸಾ, ನಿಮ್ ಕಾಲೇಜಿಗೇ ಹಾಕ್ತೀನಿ," ಅಂದರು. ಹಾಕಿ, ನಾನಿದ್ದೀನಿ, ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ.

ಹಾಕಿದರು. ಹುಡುಗಿ ದಿನಾ ಸಿ.ಎಸ್. ಪುರದಿಂದ ಗುಬ್ಬಿ ಮೇಲೆ ಬಸ್ಸಿನಲ್ಲಿ ಬರುತ್ತಿದ್ದಳು. ಮೂರನೇ ಬೆಂಚು, ಕಿಟಕಿ ಪಕ್ಕ. ಬುದ್ಧಿ ಚುರುಕು, ಕೈ ಮಾತ್ರ ಬಹಳ ನಿಧಾನ. ಒಂದು ಉತ್ತರ ಬಂತು ಅಂದರೆ ಅದನ್ನು ತಾಳೆ ನೋಡದೆ ಮುಂದಿನದಕ್ಕೆ ಹೋಗುತ್ತಲೇ ಇರಲಿಲ್ಲ. ಅಪ್ಪನ ಹಾಗೆಯೇ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾ ಕೂರುತ್ತಿದ್ದಳು. ಇಂಟರ್ನಲ್ ಟೆಸ್ಟುಗಳಲ್ಲಿ ಪ್ರತಿ ಸಲವೂ ಒಂದೆರಡು ಪ್ರಶ್ನೆ ಖಾಲಿ ಬಿಟ್ಟು ಬರುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

"ತಾಳೆ ನೋಡ್ತಾ ಕೂತರೆ ಪೇಪರ್ ಮುಗಿಯಲ್ಲ ಕಣಮ್ಮ," ಅಂತ ಒಂದು ದಿನ ಎಲ್ಲರೆದುರು ರೇಗಿದೆ. "ಉತ್ತರ ಬರಿ, ಮುಂದಕ್ಕೆ ಹೋಗು. ಸರಿ ಇದೆಯೋ ಇಲ್ಲವೋ ನೋಡೋದಕ್ಕೆ ಸಂಬಳ ತಗೊಳ್ಳೋರು ನಾವಿದ್ದೀವಿ."

ಅವಳು ತಲೆಯಾಡಿಸಿದಳು. ಹೇಳಿದ್ದನ್ನು ಕೇಳುವ ಹುಡುಗಿ.

ಕೊನೆಯ ವರ್ಷದಲ್ಲಿ ಆ ಪಾಠ ಬಂತು. ಒಂದು ಸಮತಲವನ್ನು ಮ್ಯಾಟ್ರಿಕ್ಸ್ ಇಟ್ಟುಕೊಂಡು ಎರಡು ರೀತಿ ಹೇಳಬಹುದು. ಒಂದು, ಅದು ಯಾವುದೋ ಮ್ಯಾಟ್ರಿಕ್ಸ್‌ನ ಕರ್ನೆಲ್ ಅನ್ನುವುದು. ಅಂದರೆ ಆ ಮ್ಯಾಟ್ರಿಕ್ಸ್ ಯಾವ ಯಾವ ಬಿಂದುಗಳನ್ನು ಸೊನ್ನೆ ಮಾಡಿ ಕೂರಿಸುತ್ತದೋ ಅವೆಲ್ಲ ಸೇರಿ ಸಮತಲ. ಇನ್ನೊಂದು, ಅದು ಬೇರೊಂದು ಮ್ಯಾಟ್ರಿಕ್ಸ್‌ನ ಇಮೇಜ್ ಅನ್ನುವುದು. ಆ ಮ್ಯಾಟ್ರಿಕ್ಸ್‌ನ ಎರಡು ಕಂಬಗಳಲ್ಲಿ, ಅಂದರೆ ಕಾಲಮ್‌ಗಳಲ್ಲಿ, ಎರಡು ವೆಕ್ಟರ್ ಇರುತ್ತವೆ. ಅವೆರಡನ್ನು ಹಿಗ್ಗಿಸಿ, ಕುಗ್ಗಿಸಿ, ಕೂಡಿಸಿ ಎಲ್ಲೆಲ್ಲಿಗೆ ಹೋಗಬಹುದೋ ಅದೆಲ್ಲ ಸಮತಲ. ಮೊದಲನೆಯದು ಏನು ಕೂಡದು ಅಂತ ಹೇಳುವುದು, ಎರಡನೆಯದು ಏನೇನು ಸಾಧ್ಯ ಅಂತ ಹೇಳುವುದು. ಇಷ್ಟನ್ನು ಹೇಳಿ ಎಲ್ಲರಿಗೂ ಅರ್ಥ ಆಯ್ತಾ ಅಂತ ಕೇಳಿದೆ. ಎಲ್ಲರೂ ಆಯ್ತು ಅಂದರು. ಅಂದರೆ ಆಗಿಲ್ಲ ಅಂತ.

ಅವಳು ಎದ್ದು ನಿಂತಳು. "ಸಾರ್, ಇಮೇಜ್ ಅಂದ್ರೆ ನಮ್ಮಪ್ಪ ಎಳೀತಾರಲ್ಲ, ಆ ಎರಡು ದಾರ ಅಲ್ವಾ?"

ಕ್ಲಾಸು ನಕ್ಕಿತು. ನಕ್ಕವರಿಗೆ ಸರಿಯಾಗಿ ಬೈದು, ನಮ್ಮ ನಡುಮನೆಯ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದೆ. ನಾಲ್ಕು ಮೂಲೆ, ಎರಡು ದಾರ. ಅವೇ ಇಮೇಜಿನ ಎರಡು ವೆಕ್ಟರ್. ಹಾಗಾದರೆ ಕರ್ನೆಲ್ ಯಾವುದು ಅಂದಳು. ಅದು ನಿಮ್ಮಪ್ಪನ ತೂಗುಗುಂಡು, ಅಂದೆ. ನೆಟ್ಟಗೆ ಇಳಿಬಿಟ್ಟ ಗುಂಡಿನ ದಾರಕ್ಕೆ ಯಾವುದೆಲ್ಲ ಸರಿಯಾಗಿ ಅಡ್ಡ ಬರುತ್ತದೋ ಅದೆಲ್ಲ ನೆಲ. ಅವಳ ಮುಖ ನೋಡಬೇಕಿತ್ತು ಆಗ. ಮೂಲಬಿಂದು ಸೊನ್ನೆಯನ್ನು ಹಾಯದೆ ಮೇಲೆ ನಿಂತ ಸಮತಲ ಇದ್ದರೆ ಏನು ಮಾಡೋದು, ಜಗಲಿ ಅಂಗಳಕ್ಕಿಂತ ಎತ್ತರ ಇರುತ್ತಲ್ಲ, ಅಂತಲೂ ಕೇಳಿದಳು. ಅದು ಕರ್ನೆಲ್‌ಗೂ ಸಿಗಲ್ಲ, ಇಮೇಜ್‌ಗೂ ಸಿಗಲ್ಲ, ಕೆಳಗೆ ಮಾಡಿಕೊಂಡು ಆಮೇಲೆ ಎತ್ತಿ ಕೂರಿಸಬೇಕು, ಅಂದೆ. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ತಾನಾಗಿಯೇ ಕೇಳಿದವರು ನನ್ನ ನೆನಪಿನಲ್ಲಿ ಇನ್ನೊಬ್ಬರಿಲ್ಲ.

"ಯಾವ ಎರಡು ದಾರ ಆದ್ರೂ ಆಗುತ್ತಾ ಸಾರ್?"

"ಯಾವುದಾದ್ರೂ ಆಗುತ್ತಮ್ಮ. ಎರಡೂ ಸಮತಲದ ಮೇಲಿರಬೇಕು, ಎರಡೂ ಒಂದೇ ಗೆರೆ ಮೇಲೆ ಮಲಗಿರಬಾರದು. ಅಷ್ಟೇ ಕಂಡೀಷನ್."

ಇದನ್ನು ಹೇಳಿದವನು ನಾನು, ನನ್ನ ಬಾಯಿಂದಲೇ ಬಂದ ಮಾತು.

ಪರೀಕ್ಷೆ ಆಯಿತು. ಮೌಲ್ಯಮಾಪನ ತುಮಕೂರಿನಲ್ಲೇ. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಊರಿರುವುದಿಲ್ಲ, ಬರೀ ಕೋಡ್ ನಂಬರ್. ಎಲ್ಲ ಕಾಲೇಜುಗಳವನ್ನೂ ಕಲಸಿ ಕಟ್ಟು ಕಟ್ಟಿ ಕೊಡುತ್ತಾರೆ. ಮೊದಲ ದಿನ ಬೆಳಿಗ್ಗೆ ಸ್ಕೀಮ್ ಓದುತ್ತಾರೆ. ಯಾವ ಪ್ರಶ್ನೆಗೆ ಯಾವ ಉತ್ತರ, ಯಾವ ಹಂತಕ್ಕೆ ಎಷ್ಟು ಅಂಕ ಅಂತ ಅಚ್ಚು ಮಾಡಿಸಿದ ಹಾಳೆಗೆ ನಾವು ಸ್ಕೀಮ್ ಅನ್ನುತ್ತೇವೆ. ಅವತ್ತು ಹೊಸದಾಗಿ ಸೇರಿದ್ದ ಒಬ್ಬ ಲೆಕ್ಚರರ್ ಕೈ ಎತ್ತಿ, ಇಮೇಜ್ ಪ್ರಶ್ನೆಗೆ ಬೇರೆ ಸರಿಯುತ್ತರಗಳೂ ಬರಬಹುದಲ್ಲ, ಸ್ಕೀಮಿನಲ್ಲಿ ಒಂದೇ ಕೊಟ್ಟಿದ್ದಾರೆ, ಅಂತ ಕೇಳಿದರು. ಹಾಲ್‌ನಲ್ಲಿ ಸೆಖೆ, ಫ್ಯಾನು ಕಿರುಗುಟ್ಟುತ್ತಿತ್ತು. "ಅಷ್ಟೂ ನಮಗೆ ಗೊತ್ತಿಲ್ವೇನ್ರೀ, ಶುರು ಮಾಡೋಣ ಬನ್ನಿ," ಅಂದವನು ನಾನೇ. ನಾಲ್ಕು ಜನ ನಕ್ಕರು. ಅವರು ಕೈ ಕೆಳಗಿಳಿಸಿದರು.

ನಾನು ಮೌಲ್ಯಮಾಪನದಲ್ಲಿ ಬಲು ಫಾಸ್ಟು ಅಂತ ಹೆಸರು ಪಡೆದವನು. ಪಕ್ಕದವರು ಒಂದು ಕಟ್ಟು ಮುಗಿಸುವಷ್ಟರಲ್ಲಿ ನನ್ನದು ಎರಡಾಗಿರುತ್ತಿತ್ತು. ಒಂದು ಹಂತ ದಾಟಿದ ಮೇಲೆ ಓದುವುದು ನಿಂತುಹೋಗುತ್ತದೆ. ಕಣ್ಣು ಸ್ಕೀಮಿನ ಅಂಕಿಗಳನ್ನು ಇಟ್ಟುಕೊಂಡು ಪತ್ರಿಕೆಯಲ್ಲಿ ಅವೇ ಅಂಕಿಗಳನ್ನು ಹುಡುಕುತ್ತದೆ. ಇದ್ದರೆ ಅಂಕ, ಇಲ್ಲದಿದ್ದರೆ ಗೊದಮೊಟ್ಟೆ. ತಾಳೆ ನೋಡಿದ ಒಂದು ಸಾಲು ಅಲ್ಲಿದ್ದರೆ ಕಣ್ಣು ನಿಲ್ಲುತ್ತದೆ. ಇಲ್ಲದಿದ್ದರೆ ನಿಲ್ಲುವುದಿಲ್ಲ. ಆ ಒಂದು ಪತ್ರಿಕೆ ನನಗೆ ನೆನಪೇ ಇಲ್ಲ. ನೆನಪಿದ್ದಿದ್ದರೆ ಒಂದಿಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು.

ರಿಸಲ್ಟ್ ಬಂದಾಗ ಅವಳು ಆ ಒಂದು ಪೇಪರಿನಲ್ಲಿ ಎರಡು ಅಂಕಕ್ಕೆ ಫೇಲಾಗಿದ್ದಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. ಮತ್ತೆ ತಾಳೆ ನೋಡುತ್ತಾ ಕೂತಿರುತ್ತಾಳೆ, ಎರಡು ಪ್ರಶ್ನೆ ಬಿಟ್ಟಿರುತ್ತಾಳೆ, ಎಷ್ಟು ಬಡಿದುಕೊಂಡರೂ ಇಷ್ಟೇ ಅಂದುಕೊಂಡೆ. ಕುಣಿಗಲ್‌ನಲ್ಲಿ ಅವಳಿಗೆ ಬಿ.ಎಡ್. ಸೀಟು ಸಿಕ್ಕಿತ್ತು. ಡಿಗ್ರಿ ಮುಗಿದ ಕಾಗದ ತೋರಿಸಿದರೆ ಸೀಟು, ಇಲ್ಲದಿದ್ದರೆ ಮುಂದಿನವರಿಗೆ. ಮುಂದಿನವರಿಗೆ ಹೋಯಿತು. ಹುಡುಗಿ ಗುಬ್ಬಿಯಲ್ಲಿ ಒಂದು ಟೈಲ್ಸ್ ಅಂಗಡಿಗೆ ಸೇರಿಕೊಂಡಳಂತೆ ಅಂತ ಅವಳ ಜೊತೆಯವರು ಹೇಳಿದರು. ಅಯ್ಯೋ ಪಾಪ ಅಂದೆ. ಅಂದು ಟೀ ಕುಡಿದೆ.

ತಿಂಗಳ ಮೇಲಾಗಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಉತ್ತರ ಪತ್ರಿಕೆಯ ಜೆರಾಕ್ಸ್. ಅರ್ಜಿ ಹಾಕಿದರೆ ಯೂನಿವರ್ಸಿಟಿಯವರು ಕೊಡುತ್ತಾರೆ.

"ಬಾಮ್ಮ. ಏನಿದು?"

"ಒಂದು ಡೌಟ್ ಇತ್ತು ಸಾರ್. ಸಪ್ಲಿಮೆಂಟರಿಗೆ ಓದ್ತಾ ಇದೀನಿ. ಇದರಲ್ಲಿ ಎಲ್ಲಿ ತಪ್ಪಾಗಿದೆ ಅಂತ ಗೊತ್ತಾಗ್ತಿಲ್ಲ. ಹೇಳಿಕೊಡ್ತೀರಾ?"

ಹಾಳೆ ತಿರುಗಿಸಿ ನನ್ನ ಮುಂದಿಟ್ಟಳು. ಪ್ರಶ್ನೆ ಅದೇ. ಎರಡು ಎಕ್ಸ್, ಕಳೆ ವೈ, ಕೂಡು ಝಡ್, ಸಮ ಸೊನ್ನೆ. ಈ ಸಮತಲವನ್ನು ಒಂದು ಮ್ಯಾಟ್ರಿಕ್ಸ್‌ನ ಕರ್ನೆಲ್ ಆಗಿಯೂ ಇನ್ನೊಂದರ ಇಮೇಜ್ ಆಗಿಯೂ ಬರೆಯಿರಿ. ಕರ್ನೆಲ್ ಬರೆದಿದ್ದಳು, ಅದಕ್ಕೆ ಎರಡಕ್ಕೆ ಎರಡು ಅಂಕ ಬಿದ್ದಿತ್ತು. ಇಮೇಜಿಗೆ ಎರಡು ಕಂಬ ಬರೆದಿದ್ದಳು. ಮೊದಲನೆಯದು ಒಂದು, ಒಂದು, ಮೈನಸ್ ಒಂದು. ಎರಡನೆಯದು ಒಂದು, ಮೂರು, ಒಂದು. ಅಷ್ಟೇ, ತಾಳೆ ನೋಡಿದ ಒಂದು ಸಾಲೂ ಇಲ್ಲ. ಮಾರ್ಜಿನ್‌ನಲ್ಲಿ, ಮೂರು ಅಂಕ ಬೀಳಬೇಕಾದ ಜಾಗದಲ್ಲಿ, ಒಂದು ಸೊನ್ನೆ. ಅದಕ್ಕೆ ಬಲಗಡೆಗೆ ಜಾರಿದ ಬಾಲ.

ಮನಸ್ಸಿನಲ್ಲೇ ಗುಣಿಸಿದೆ. ಎರಡರಲ್ಲಿ ಒಂದು ಕಳೆದು, ಇನ್ನೂ ಒಂದು ಕಳೆದರೆ ಸೊನ್ನೆ. ಎರಡರಲ್ಲಿ ಮೂರು ಕಳೆದು ಒಂದು ಕೂಡಿದರೆ ಸೊನ್ನೆ. ಎರಡೂ ಸಮತಲದ ಮೇಲೆಯೇ ಇದ್ದವು. ಒಂದೇ ಗೆರೆಯಲ್ಲೂ ಇರಲಿಲ್ಲ. ಉತ್ತರ ಪೂರ್ತಿ ಸರಿ ಇತ್ತು.

"ಪುಸ್ತಕದಲ್ಲಿರೋದು ಬರೀಲಿಲ್ವಾ?" ಅಂತ ಕೇಳಿದೆ. ಏನಾದರೂ ಕೇಳಬೇಕಿತ್ತು.

"ಪುಸ್ತಕದ್ದೂ ನೆನಪಿತ್ತು ಸಾರ್. ಒಂದು, ಎರಡು, ಸೊನ್ನೆ. ಆಮೇಲೆ ಸೊನ್ನೆ, ಒಂದು, ಒಂದು. ಯಾವುದಾದ್ರೂ ಆಗುತ್ತೆ ಅಂದಿದ್ರಲ್ಲ ನೀವು. ಅಪ್ಪನ ಥರ ಮೂಲೆಯಿಂದ ಮೂಲೆಗೆ ಎಳೆಯೋಣ ಅನ್ನಿಸ್ತು. ಅವೆರಡನ್ನ ಕೂಡಿ ಒಂದು, ಕಳೆದು ಒಂದು."

ಪುಸ್ತಕದ ಎರಡು ವೆಕ್ಟರ್‌ಗಳು ಗೋಡೆಯ ಪಕ್ಕ ಎಳೆದ ದಾರಗಳು. ಅವನ್ನು ಕೂಡಿದರೂ ಕಳೆದರೂ ಸಿಗುವುದು ಮೂಲೆಯಿಂದ ಮೂಲೆಗೆ ಹೋಗುವ ದಾರಗಳು. ನೆಲ ಒಂದೇ. ಸ್ಕೀಮಿನಲ್ಲಿದ್ದದ್ದು ಗೋಡೆ ಪಕ್ಕದ್ದು.

"ರೀವ್ಯಾಲ್ಯುಯೇಷನ್‌ಗೆ ಹಾಕಿದ್ಯಾ?" ಅಂದೆ.

"ಇಲ್ಲ ಸಾರ್. ಜೆರಾಕ್ಸ್ ಬಂದ ದಿನ ಹಾಕೋಣ ಅಂತಲೇ ಅಪ್ಪ ಅಂದ್ರು. ಆಮೇಲೆ ಈ ಸೊನ್ನೆ ನೋಡಿದೆ." ಬೆರಳು ಅದರ ಮೇಲಿಟ್ಟಳು. "ಇದು ನಿಮ್ದು ಅಲ್ವಾ ಸಾರ್? ಮೂರು ವರ್ಷ ಬೋರ್ಡ್ ಮೇಲೆ ನೋಡಿದೀನಿ, ಗೊತ್ತಾಗಲ್ವಾ. ನೀವೇ ನೋಡಿ ಹಾಕಿದೀರಿ ಅಂದ್ಮೇಲೆ ನಂದೇ ತಪ್ಪಿರುತ್ತೆ ಅಂತ ಸುಮ್ಮನಾದೆ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ರೇಗಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ನನ್ನ ಸೊನ್ನೆಯನ್ನು ನಂಬಿದ್ದಳು. ಮೂರು ವರ್ಷದಲ್ಲಿ ಅವಳು ನನ್ನ ಒಂದು ಗೀಟನ್ನು ಗುರುತಿಸುವಷ್ಟು ನೋಡಿದ್ದಳು. ಮೂರು ವರ್ಷ ಅವಳ ಟೆಸ್ಟ್ ಪೇಪರ್ ತಿದ್ದಿದ ನಾನು, ಅವಳ ಅಕ್ಷರ ಮೂಗಿನ ಕೆಳಗೆ ಬಂದಾಗ ಗುರುತು ಹಿಡಿಯಲಿಲ್ಲ.

"ಇಟ್ಟು ಹೋಗಮ್ಮ. ನಿಧಾನವಾಗಿ ನೋಡಿ ಹೇಳ್ತೀನಿ," ಅಂದೆ. ನಿನ್ನ ಉತ್ತರ ಸರಿ ಇದೆ ಅನ್ನುವ ಇಷ್ಟೇ ಇಷ್ಟು ಮಾತು ಬಾಯಿಂದ ಹೊರಡಲಿಲ್ಲ. ನಾನು ಹೇಡಿ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಅವಳು ಥ್ಯಾಂಕ್ಸ್ ಸಾರ್ ಅಂತ ಹೇಳಿ ಬಸ್ಸಿಗೆ ಓಡಿದಳು.

ಸರಿ ಮಾಡಿಸಿಕೊಂಡೇ ಹೇಳೋಣ ಅಂತ ನನ್ನ ಲೆಕ್ಕ. ಮಾರನೇ ದಿನ ರಜೆ ಹಾಕಿ ಪರೀಕ್ಷಾ ವಿಭಾಗಕ್ಕೆ ಹೋದೆ. ಕಿಟಕಿಯ ಆ ಕಡೆ ಇದ್ದವರು ಒಳ್ಳೆಯವರೇ, ಕೂರಲು ಕುರ್ಚಿ ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಡೇಟ್ ಮುಗಿದು ಹತ್ತು ದಿನ ಆಯ್ತಲ್ಲ ಸಾರ್. ಪೋರ್ಟಲ್ಲೇ ಕ್ಲೋಸ್ ಆಗಿದೆ. ಸ್ಟೂಡೆಂಟ್ ಅರ್ಜಿ ಇಲ್ದೆ ನಾವು ಪೇಪರ್ ಹೊರಗೆ ತೆಗೆಯೋ ಹಾಗಿಲ್ಲ."

"ತಪ್ಪು ಮಾಡಿದವನು ನಾನು. ನಾನೇ ಬರೆದು ಕೊಡ್ತಿದ್ದೀನಲ್ಲ."

"ನೀವು ವ್ಯಾಲ್ಯುಯೇಟರ್ ಅಂತ ಹೇಳ್ಕೊಳ್ಳೋದೇ ತಪ್ಪು ಸಾರ್. ಯಾವ ಕೋಡ್ ಯಾರದು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ಆ ಹುಡುಗೀಗೇ ತೊಂದರೆ ಆಗುತ್ತೆ ನೋಡಿ."

ಆದರೂ ಪತ್ರ ಬರೆದುಕೊಟ್ಟೆ. ಸ್ವೀಕರಿಸಿದ್ದೇವೆ ಅಂತ ಒಂದು ಸೀಲು ಹೊಡೆದು ಪ್ರತಿ ಕೊಟ್ಟರು. ಆ ಸೀಲಿಗೆ ಬೆಲೆ ಇರಬಹುದು ಅಂತ ಮೂರು ವಾರ ನಂಬಿದೆ. ಎರಡು ಸಲ ಹೋಗಿ ಬಂದೆ. ಮೌಲ್ಯಮಾಪನದ ಮುಖ್ಯಸ್ಥರಾಗಿದ್ದವರಿಗೆ ಫೋನ್ ಮಾಡಿದೆ. ನನಗಿಂತ ಹಿರಿಯರು, ಸಮಾಧಾನದ ಮನುಷ್ಯರು.

"ನಿಮ್ಮ ಸಂಕಟ ಅರ್ಥ ಆಗುತ್ತೆ ಸಾರ್," ಅಂದರು. "ಆದ್ರೆ ಈಗ ಇನ್ನೊಬ್ಬರ ಕೈಗೆ ಕೊಟ್ಟರೂ ಅದೇ ಸ್ಕೀಮ್ ಇಟ್ಕೊಂಡು ನೋಡ್ತಾರೆ. ಸ್ಕೀಮ್‌ನಲ್ಲಿ ಬೇರೆ ಉತ್ತರಾನೂ ಆಗಬಹುದು ಅಂತ ಒಂದು ಸಾಲು ಹಾಕಿಸಬೇಕಿತ್ತು. ಅವತ್ತು ಯಾರೋ ಕೇಳಿದ್ರು, ನೆನಪಿದೆಯಾ?"

ನೆನಪಿದೆ ಅಂದೆ.

ಇನ್ನು ಹೋಗಲು ಕಚೇರಿ ಉಳಿದಿರಲಿಲ್ಲ. ಅವಳ ಅಂಗಡಿಗೆ ವಾರದ ರಜೆ ಇರುವ ದಿನ ತಿಳಿದುಕೊಂಡು ಸಿ.ಎಸ್. ಪುರಕ್ಕೆ ಹೊರಟೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಹತ್ತಿದ ಬಸ್ಸು ಹೊರಟಿದ್ದರಿಂದ ಇಳಿಯಲಿಲ್ಲ, ಅಷ್ಟೇ. ಧೈರ್ಯದಿಂದ ಹೋದೆ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಮನೆ ಸುಲಭವಾಗಿ ಸಿಕ್ಕಿತು. ರಾಗಿ ಹೊಲದ ಪಕ್ಕ, ಎರಡು ಕೋಣೆ, ಮುಂದೆ ಒಂದು ಜಗಲಿ. ಜಗಲಿಯ ನೆಲದಲ್ಲಿ ಒಂದರ ಹಾಗೆ ಇನ್ನೊಂದು ಟೈಲ್ ಇರಲಿಲ್ಲ. ಊರೂರಿನ ಮನೆಗಳಲ್ಲಿ ಉಳಿದ ತುಂಡುಗಳನ್ನು ತಂದು ಕೂರಿಸಿದ್ದರು. ನಮ್ಮ ನಡುಮನೆಯ ಬೂದು ಬಣ್ಣದ್ದೂ ಎರಡಿದ್ದವು. ಅಷ್ಟು ತರಹದ ತುಂಡು ಇದ್ದರೂ ಬರಿಗಾಲಿಗೆ ಒಂದು ಅಂಚೂ ತಾಗಲಿಲ್ಲ. ಹುಡುಗಿ ಓಡಿ ಬಂದು, "ಸಾರ್, ನೀವ್ಯಾಕೆ ಇಲ್ಲಿಗೆ ಬರೋಕೆ ಹೋದ್ರಿ, ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ," ಅಂತ ಕುರ್ಚಿ ಹಾಕಿದಳು. ಅವಳ ಅಪ್ಪ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು.

ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. "ನೀನು ಬರೆದದ್ದು ಸರಿ ಇತ್ತಮ್ಮ," ಅಂದೆ. "ಪೂರ್ತಿ ಸರಿ ಇತ್ತು. ತಪ್ಪು ಹಾಕಿದ್ದು ನಾನು. ನೋಡದೇ ಹಾಕಿದೆ."

ಇದಕ್ಕೆ ಅವಳು ಅಳಬಹುದು, ಬೈಯಬಹುದು ಅಂತೆಲ್ಲ ಬಸ್ಸಿನಲ್ಲಿ ಸಿದ್ಧನಾಗಿದ್ದೆ. ಅವಳ ಮುಖ ಅರಳಿತು. ಕ್ಲಾಸಿನಲ್ಲಿ ತೂಗುಗುಂಡಿನ ಮಾತು ಕೇಳಿದಾಗ ಅರಳಿದ ಹಾಗೆಯೇ. "ಸರಿ ಇತ್ತಾ ಸಾರ್? ಅಪ್ಪನ ದಾರ ಸರಿ ಇತ್ತಾ?" ಅಂತ ಒಳಗೆ ತಿರುಗಿ ಕೂಗಿದಳು. "ಅಪ್ಪಾ, ಬಾ ಇಲ್ಲಿ! ಸರಿ ಇತ್ತಂತೆ!"

ಅವರು ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನನ್ನನ್ನು ನೋಡಿ ಕೈ ಮುಗಿದರು. "ಸರಿ ಇತ್ತಾ ಸಾ? ಎರಡು ತಿಂಗ್ಳಿಂದ ನನ್ ಹೊಟ್ಟೆ ಉರ್ದೋಗಿತ್ತು. ಓದೋ ಮಕ್ಳಿಗೆ ನಮ್ ಗಾರೆ ಕೆಲಸದ ಮಾತು ಹೇಳಿ ನಾನೇ ಕೆಡುಸ್ದೆ ಅಂತ. ಹಂಗಾರೆ ಪಾಸ್ ಅನ್ನಿ!"

"ಇಲ್ಲ," ಅಂದೆ.

"ಅದ್ಹೆಂಗ್ ಸಾ? ಸರಿ ಇತ್ತು ಅಂತ ನೀವೇ ಅಂತೀರಿ."

"ಸರಿ ಇತ್ತು. ಆದ್ರೆ ಡೇಟ್ ಮುಗಿದುಹೋಗಿದೆ. ನಾನು ಹೋಗಿ ಕೇಳಿದೆ, ಬರೆದೂ ಕೊಟ್ಟೆ. ಇನ್ನು ಬದಲಾಯಿಸೋಕೆ ಆಗಲ್ಲ ಅಂತಾರೆ."

ಅವರು ಸಿಟ್ಟಾಗಲಿಲ್ಲ. ಅರ್ಥವಾಗದೆ ನನ್ನನ್ನೇ ನೋಡಿದರು. "ಹಾಕ್ದೋರು ನೀವೇ ತಾನೇ? ನೀವೇ ಹೊಡ್ದಾಕಿ ಬರುದ್ರೆ ಮುಗೀತಲ್ಲ. ಟೈಲ್ಸ್ ಓರೆ ಕೂತ್ರೆ ನಾವು ಕಿತ್ತು ಕೂರುಸ್ತೀವಿ ಸಾ. ಗಾರೆ ಒಣಗೋಗದೆ ಅಂತ ಹೇಳಿದ್ರೆ ಓನರ್ ಬುಡ್ತಾರಾ? ನೀವು ಬುಡ್ತಿದ್ರಾ?"

ನಾನು ಬಿಡುತ್ತಿರಲಿಲ್ಲ. ನಮ್ಮ ಬಚ್ಚಲಿನ ಒಂದು ಟೈಲ್ ಕೂದಲೆಳೆಯಷ್ಟು ಎದ್ದಿದ್ದಕ್ಕೆ ಅವರನ್ನು ವಾಪಸ್ಸು ಕರೆಸಿ ಕೀಳಿಸಿದ್ದೆ. ಅದು ಅವರಿಗೂ ನೆನಪಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ಕ್ಷಮಿಸಿ ಅಂದೆ. ಆ ಮಾತು ಜಗಲಿಯ ಮೇಲೆ ಯಾರಿಗೂ ಬೇಡವಾಗಿ ಬಿದ್ದಿತ್ತು.

"ಅಪ್ಪ, ಬುಡು. ಸಾರ್ ಇಷ್ಟು ದೂರ ಬಂದು ಹೇಳಿದ್ರಲ್ಲ," ಅಂದಳು ಹುಡುಗಿ. ಮುಖ ಆಗಲೇ ಇಳಿದಿತ್ತು. ಸರಿ ಇತ್ತು ಅನ್ನುವುದಕ್ಕೂ ಪಾಸಾಗುವುದಕ್ಕೂ ಸಂಬಂಧ ಇಲ್ಲ ಅನ್ನುವುದು ಅವಳಿಗೆ ಅಪ್ಪನಿಗಿಂತ ಬೇಗ ಅರ್ಥವಾಯಿತು.

ನಾನು ಜೆರಾಕ್ಸ್ ತೆಗೆದು ಕೊಟ್ಟೆ. ಅವಳು ಒಳಗಿಂದ ಪೆನ್ನು ತಂದು, ಬಾಗಿಲ ಪಕ್ಕದ ಗೋಡೆಗೆ ಹಾಳೆ ಒತ್ತಿ ಹಿಡಿದು ನಿಂತಳು.

"ಇದೇ ಪ್ರಶ್ನೆ ಮತ್ತೆ ಬಂದ್ರೆ ಯಾವುದು ಬರೀಲಿ ಸಾರ್?"

ಯಾವುದಾದರೂ ಆಗುತ್ತಮ್ಮ ಅನ್ನಬೇಕಿತ್ತು. ಕ್ಲಾಸಿನಲ್ಲಿ ಹೇಳಿದ್ದು ಅದೇ, ಗಣಿತ ಹೇಳುವುದೂ ಅದೇ. ಆದರೆ ಅವಳ ಪತ್ರಿಕೆ ಯಾರ ಮೇಜಿಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲ. ಅಲ್ಲಿ ನನ್ನಂಥವನೊಬ್ಬ ಕೂತಿರುತ್ತಾನೆ ಅಂತ ಮಾತ್ರ ಗೊತ್ತು. ಅವಳ ಅಪ್ಪನೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಪುಸ್ತಕದಲ್ಲಿ ಇರೋದನ್ನೇ ಬರಿಯಮ್ಮ," ಅಂದೆ.

ಅವಳು ನನ್ನ ಸೊನ್ನೆಯ ಪಕ್ಕದಲ್ಲಿದ್ದ ಖಾಲಿ ಜಾಗದಲ್ಲಿ ಎರಡು ಕಂಬ ಬರೆದಳು. ಒಂದು, ಎರಡು, ಸೊನ್ನೆ. ಸೊನ್ನೆ, ಒಂದು, ಒಂದು. ಬರೆದು ನನ್ನ ಕಡೆ ತಿರುಗಿಸಿ, "ಸರೀನಾ ಸಾರ್?" ಅಂದಳು.

ಸರಿ ಅಂದೆ.